ಗ್ಯಾಂಬಿಯಾ ಕೋರ್ಟಿಗೆ ಹೋಯಿತು, ನಾವು?

ರೋಹಿಂಗ್ಯಾ ಮುಸ್ಲಿಮರಿಗಾಗಿ ಜುಮಾ ದಿನ ದುಆ ಮಾಡಿದವರು ನಾವು. 2017ರಲ್ಲಿ ಮ್ಯಾನ್ಮಾರ್ ಸೇನೆಯ ದೌರ್ಜನ್ಯಕ್ಕೆ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿದಾಗ ಶ್ರೀಮಂತ ಮುಸ್ಲಿಂ ದೇಶಗಳು ಹೇಳಿಕೆ ಕೊಟ್ಟವು, ನೆರವೂ ಕೊಟ್ಟವು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಮಾತ್ರ ಪಶ್ಚಿಮ ಆಫ್ರಿಕಾದ ಪುಟ್ಟ ಬಡದೇಶ ಗ್ಯಾಂಬಿಯಾ!

ಅಲ್ಲಿನ ಕಾನೂನು ಮಂತ್ರಿಯಾಗಿದ್ದ ಅಬೂಬಕರ್ ತಂಬದು ಹಿಂದೆ ರುವಾಂಡಾ ನರಮೇಧದ ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ಕಡೆ ಕೆಲಸ ಮಾಡಿದವರು. ಕಾಕ್ಸ್ ಬಜಾರಿನ ಶಿಬಿರಕ್ಕೆ ಹೋಗಿ ಸಂತ್ರಸ್ತರ ಮಾತು ಕೇಳಿದರು. 2019ರ ನವೆಂಬರಿನಲ್ಲಿ, 1948ರ ನರಮೇಧ ತಡೆ ಒಪ್ಪಂದವನ್ನೇ ಹಿಡಿದು, ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಗ್ಯಾಂಬಿಯಾ ದಾವೆ ಹೂಡಿಯೇಬಿಟ್ಟಿತು. ರೋಹಿಂಗ್ಯಾಗಳನ್ನು ರಕ್ಷಿಸಿ, ಸಾಕ್ಷ್ಯ ನಾಶ ಮಾಡಬೇಡಿ ಎಂದು 2020ರ ಜನವರಿ 23ರಂದು ನ್ಯಾಯಾಧೀಶರು ಒಮ್ಮತದಿಂದ ಆದೇಶಿಸಿದರು.

ಆದೇಶ ಬಂತು, ಸರಿ. ಜಾರಿ ಮಾಡಿಸಲು ಆ ಕೋರ್ಟಿಗೆ ಪೊಲೀಸರಿಲ್ಲ, ಭದ್ರತಾ ಮಂಡಳಿಗೆ ಹೋದರೆ ವೀಟೋ ಉಂಟಲ್ಲ! ನಿರಾಶ್ರಿತರು ಇನ್ನೂ ಶಿಬಿರದಲ್ಲೇ ಇದ್ದಾರೆ. ಹಾಗಂತ ಇದೆಲ್ಲ ವ್ಯರ್ಥವೆಂದರೆ ನಾವು ಒಪ್ಪುವುದಿಲ್ಲ. ನರಮೇಧ ನಡೆದೇ ಇಲ್ಲ ಎಂದವರು ಜಗತ್ತಿನೆದುರು ನಿಂತು ಉತ್ತರ ಕೊಡಬೇಕಾಯಿತು.

ನಮ್ಮಲ್ಲಿ ಡಾಕ್ಟರ್, ಇಂಜಿನಿಯರ್ ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್ ಉಂಟು, ಸನ್ಮಾನವೂ ಉಂಟು. ವಕೀಲಿಕೆ ಓದುತ್ತೇನೆ ಅನ್ನುವ ಮಗುವಿಗೆ? ಜಮಾಅತ್‌ನವರು ಈ ವರ್ಷದ ಪಟ್ಟಿಯಲ್ಲಿ ಅವರನ್ನೂ ಸೇರಿಸಲಿ.