ಬೀಗ ಕಂಪನಿಯದು, ದುಡ್ಡು ಗಿರಾಕಿಯದು

ದುಡ್ಡು ಎಣಿಸಿ ಮನೆ ಕೊಂಡವನಿಗೆ ಮಾರಿದವನು ಬಂದು, ‘ಮನೆ ನಿಮ್ಮದೇ, ಆದರೆ ನಡುಮನೆಯ ಬೀಗದಕೈ ಮಾತ್ರ ನಮ್ಮ ಹತ್ರಾನೇ ಇರ್ತದೆ’ ಎಂದರೆ ಏನಾದೀತು? ಪಂಚಾಯ್ತಿ ಸೇರುತ್ತದೆ, ದನಿ ಏರುತ್ತದೆ, ಕೊನೆಗೆ ಕೋರ್ಟಿನ ಮೆಟ್ಟಿಲೂ ಹತ್ತಿದ್ದಾಗುತ್ತದೆ. ಅದೇ ಮಾತನ್ನು ಹನ್ನೆರಡು ಸಾವಿರದ ಆಂಡ್ರಾಯ್ಡ್ ಫೋನು ಕೊಂಡ ಗಿರಾಕಿಗೆ ಕಂಪನಿ ಹೇಳಿದರೆ ಆತ ತುಟಿ ಪಿಟಕ್ಕೆನ್ನದೆ ‘ಒಪ್ಪಿದೆ’ ಎಂಬ ಗುಂಡಿ ಒತ್ತಿ ಜೇಬಿಗಿಳಿಸುತ್ತಾನೆ. ಮನೆಗೆ ಬಂದು ನೋಡಿದರೆ ಬೇಡದ ಆಟ, ಬೇಡದ ಅಂಗಡಿ, ಬೇಡದ ಸುದ್ದಿ ಎಲ್ಲವೂ ಅವನಿಗಿಂತ ಮೊದಲೇ ಬಂದು ಫೋನಿನೊಳಗೆ ಕಾಲು ಚಾಚಿ ಕೂತಿರುತ್ತವೆ. ಕೆಲವನ್ನು ಅಳಿಸಬಹುದು. ಕೆಲವನ್ನು ಅಳಿಸಲು ಹೋದರೆ ಆ ಅವಕಾಶವೇ ಇಲ್ಲ. ಜಾಗ ಗಿರಾಕಿಯದು, ಬಾಡಿಗೆ ಕೊಡದೆ ಕೂತವರು ಕಂಪನಿಯ ನೆಂಟರು!

ಈ ಸಿಟ್ಟಿನಿಂದ ಬೆಳೆದ ಕಸುಬೇ ‘ರೂಟ್ ಮಾಡೋದು’. ದಾವಣಗೆರೆಯಂಥ ಯಾವುದೇ ಜಿಲ್ಲಾ ಕೇಂದ್ರದಲ್ಲಿ ಮೊಬೈಲ್ ರಿಪೇರಿ ಅಂಗಡಿಗಳ ಸಾಲು ಒಂದಾದರೂ ಇದ್ದೇ ಇರುತ್ತದೆ. ಅಲ್ಲಿನ ಹುಡುಗ ಸೆಟ್ ತಿರುಗಿಸಿ ಮುರುಗಿಸಿ ನೋಡಿ, ‘ಸಾಫ್ಟ್‌ವೇರ್ ಹೊಡೆದು ಕೊಡ್ತೀನ್ರಿ ಅಣ್ಣಾರೆ, ಹೊಸ ಸೆಟ್ ಆದಂಗೆ ಆಗ್ತದೆ’ ಅಂತಾನೆ. ‘ಫೋಟೋ ಗೀಟೋ ಹೋಗಲ್ಲೇನಪ್ಪ?’ ಎಂದು ಕೇಳಿದರೆ, ‘ಏನೂ ಆಗಲ್ರಿ, ಬಿಟ್ಟೋಗಿ’ ಎಂಬ ಉತ್ತರ ಬಂದರೆ ಅಲ್ಲಿಗೆ ಕೆಟ್ಟಿತು ಎಂದೇ ತಿಳಿಯಬೇಕು. ಕಾರಣ ಮುಂದಿದೆ.

ಶಿರಸ್ತೇದಾರರ ಮೇಜು, ಜಿಲ್ಲಾಧಿಕಾರಿಯ ಕೋಣೆ

ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಎಂಬ ತಂತ್ರಾಂಶದ ತಳಹದಿಯ ಮೇಲೆ. ಅದರ ಆಡಳಿತ ಹೆಚ್ಚುಕಡಿಮೆ ತಾಲ್ಲೂಕು ಕಚೇರಿಯಂತೆಯೇ. ಪ್ರತಿ ಆ್ಯಪ್‌ಗೂ ಒಂದು ಮೇಜು, ಒಂದು ಬೀರು, ಒಂದು ಸಂಖ್ಯೆ. ಭೂಮಿ ಶಾಖೆಯ ಗುಮಾಸ್ತ ಪಿಂಚಣಿ ಶಾಖೆಯ ಕಡತ ಮುಟ್ಟುವಂತಿಲ್ಲ. ಬ್ಯಾಂಕಿನ ಆ್ಯಪ್ ಇಟ್ಟುಕೊಂಡದ್ದನ್ನು ಆಟದ ಆ್ಯಪ್ ಓದುವಂತಿಲ್ಲ. ಇವರೆಲ್ಲರ ಮೇಲೆ ಸೊನ್ನೆ ಸಂಖ್ಯೆಯ ಒಬ್ಬ ದೊರೆ ಇದ್ದಾನೆ. ಯಾವ ಬೀರು ಬೇಕಾದರೂ ತೆಗೆಸಬಲ್ಲ, ಯಾರನ್ನು ಬೇಕಾದರೂ ಎತ್ತಂಗಡಿ ಮಾಡಬಲ್ಲ. ಅವನ ಹೆಸರೇ ‘ರೂಟ್’. ಕಂಪನಿಗಳು ಫೋನು ಮಾರುವಾಗ ಈ ದೊರೆಯ ಕುರ್ಚಿಗೆ ಬೀಗ ಹಾಕಿ ಮಾರುತ್ತವೆ. ರೂಟ್ ಮಾಡುವುದೆಂದರೆ ಆ ಕುರ್ಚಿಯಲ್ಲಿ ಗಿರಾಕಿಯನ್ನು ಕೂರಿಸುವುದು.

ಇದರ ಜೊತೆಗೇ ಕೇಳಿಬರುವ ಇನ್ನೊಂದು ಮಾತು ‘ಕಸ್ಟಮ್ ರಾಮ್’. ಎರಡೂ ಒಂದೇ ಎಂದು ಜನ ತಿಳಿದಿದ್ದಾರೆ; ಅಲ್ಲ. ಕಸ್ಟಮ್ ರಾಮ್ ಎಂದರೆ ಕಂಪನಿ ಹಾಕಿದ ತಂತ್ರಾಂಶವನ್ನೇ ಪೂರಾ ಕಿತ್ತು ಬೇರೆಯವರು ತಯಾರಿಸಿದ್ದನ್ನು ಕೂರಿಸುವುದು. ಮನೆಯ ಬೀಗ ಒಡೆಯುವುದು ಬೇರೆ, ಹಳೆ ಗೋಡೆಯ ಮೇಲೆ ಹೊಸ ಚಾವಣಿ ಹೊದಿಸುವುದು ಬೇರೆ. ಎರಡಕ್ಕೂ ಸಾಮಾನ್ಯವಾಗಿ ಮೊದಲು ತೆಗೆಯಬೇಕಾದ ಹೆಬ್ಬಾಗಿಲು ‘ಬೂಟ್‌ಲೋಡರ್’. ಆ ಬಾಗಿಲು ತೆಗೆದ ಕೂಡಲೇ ಫೋನಿನೊಳಗಿನ ಫೋಟೋ, ಸಂದೇಶ, ಲೆಕ್ಕಪತ್ರ ಎಲ್ಲ ಅಳಿಸಿಹೋಗುವಂತೆ ಕಟ್ಟಿಟ್ಟಿದ್ದಾರೆ. ಕದ್ದ ಫೋನನ್ನು ಕಳ್ಳ ಹೀಗೆ ತೆರೆದರೆ ಮಾಲೀಕನ ಗುಟ್ಟು ಅವನ ಕೈಗೆ ಸಿಗಬಾರದು ಎಂಬುದು ಉದ್ದೇಶ. ಆದ್ದರಿಂದಲೇ ‘ಏನೂ ಆಗಲ್ರಿ’ ಎನ್ನುವವನನ್ನು ನಂಬಬಾರದು.

ಕನ್ನಡಕ್ಕಾಗಿ ಬೀಗ ಒಡೆದವರು

ರೂಟ್ ಮಾಡುವವರೆಲ್ಲ ಪುಂಡರು ಎಂದು ಮೂಗು ಮುರಿಯುವವರು ಒಂದು ಸಂಗತಿ ತಿಳಿಯಬೇಕು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಅಕ್ಷರವೇ ಮೂಡುತ್ತಿರಲಿಲ್ಲ. ಮಗ ಕಳಿಸಿದ ಸಂದೇಶ ತೆರೆದರೆ ಸಾಲುಸಾಲು ಚೌಕಗಳು; ಇಟ್ಟಿಗೆ ಗೂಡು ನೋಡಿದ ಹಾಗೆ. ಒಪೆರಾ ಮಿನಿಯಲ್ಲೊಂದು ಒಳದಾರಿ ಹಿಡಿದು ಕನ್ನಡ ಪುಟ ಓದುತ್ತಿದ್ದರು. ಅಷ್ಟಕ್ಕೇ ತೃಪ್ತರಾಗದ ಹುಡುಗರು ಫೋನನ್ನು ರೂಟ್ ಮಾಡಿ, ಅಕ್ಷರಗಳ ಕಡತವನ್ನೇ ಬದಲಿಸಿ ಕನ್ನಡದ ಫಾಂಟ್ ಕೂರಿಸಿದರು. ಆಗಲೂ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಆದರೂ ಚೌಕಗಳಿಗಿಂತ ವಾಸಿ.

2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂಗಳನ್ನು ಸರಿಯಾಗಿ ತೋರಿಸುವ ಏರ್ಪಾಡು ತಂದಿತು. 2014ರ ಆಂಡ್ರಾಯ್ಡ್ 5ರಲ್ಲಿ ಫೋನಿನ ಆಯ್ಕೆಪಟ್ಟಿಯೇ ಕನ್ನಡದಲ್ಲಿ ಬಂತು. ಅಲ್ಲಿವರೆಗೆ ಕೋಟ್ಯಂತರ ಜನರ ನುಡಿಯೊಂದು ಕಂಪನಿಯ ದಯೆಗಾಗಿ ಬಾಗಿಲಲ್ಲಿ ನಿಂತಿತ್ತು. ಕಾಯಲಾರದವರು ಬೀಗ ಒಡೆದರು. ಅದು ತಪ್ಪೇ?

ಬೀಗ ಮುರಿದ ಚರಿತ್ರೆ

ಈ ಚರಿತ್ರೆಯ ಮೊದಲ ಪುಟವಂತೂ ನಗೆ ತರಿಸುವಂಥದು. ಮೊಟ್ಟಮೊದಲ ಆಂಡ್ರಾಯ್ಡ್ ಫೋನು ಎಚ್‌ಟಿಸಿಯ ‘ಜಿ1’ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 2008ರ ಅಕ್ಟೋಬರಿನಲ್ಲಿ. ಮರುತಿಂಗಳೇ ಒಂದು ಎಡವಟ್ಟು ಬೆಳಕಿಗೆ ಬಂತು. ಫೋನಿನಲ್ಲಿ ಏನು ಟೈಪಿಸಿದರೂ ಅದು ಒಳಗಿನ ದೊರೆಗೆ ಹುಕುಂ ಆಗಿಯೂ ಹೋಗುತ್ತಿತ್ತು. ಗೆಳೆಯನಿಗೆ ಸಂದೇಶ ಬರೆಯುತ್ತಾ ‘ರೀಬೂಟ್’ ಎಂಬ ಪದ ಹೊಡೆದರೆ ಫೋನು ನಿಜಕ್ಕೂ ಆರಿ ಹೊತ್ತಿಕೊಳ್ಳುತ್ತಿತ್ತು! ಗೂಗಲ್ ಗಡಿಬಿಡಿಯಲ್ಲಿ ಆ ತೂತು ಮುಚ್ಚಿತು. ಅಷ್ಟರಲ್ಲಿ ಬಲ್ಲವರು ಅದರೊಳಗೆ ನುಗ್ಗಿ ಆಗಿತ್ತು.

2009ರಲ್ಲಿ ಸ್ಟೀವ್ ಕಾಂಡಿಕ್ ಎಂಬ ಅಮೆರಿಕದ ತಂತ್ರಜ್ಞ ಸಯನೋಜೆನ್‌ಮಾಡ್ ಎಂಬ ಬದಲಿ ತಂತ್ರಾಂಶ ಕಟ್ಟಿದ. ಅದರ ಗಾಳಿ ಇಂಡಿಯಾಕ್ಕೂ ಬೀಸಿ, 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಜಗಳವೇ ಆಯಿತು. ಇಲ್ಲಿ ಸಯನೋಜೆನ್ ಬಳಸುವ ಹಕ್ಕು ತನ್ನದೆಂದು ಮೈಕ್ರೋಮ್ಯಾಕ್ಸ್ ತಕರಾರು ತೆಗೆದು, ಒನ್‌ಪ್ಲಸ್ ಫೋನಿನ ಮಾರಾಟಕ್ಕೆ ತಡೆ ಬಂದು, ಕೆಲವೇ ದಿನಗಳಲ್ಲಿ ತೆರವಾಯಿತು. ಜನರಿಗಾಗಿ ಹುಟ್ಟಿದ್ದನ್ನು ಕಂಪನಿ ಮಾಡಿ ಮಾರಲು ಹೋದದ್ದರ ಫಲವೋ ಏನೋ, ಆ ಸಯನೋಜೆನ್ ಕಂಪನಿ 2016ರ ಕೊನೆಗೆ ಬಾಗಿಲೆಳೆಯಿತು. ಅದರ ಬೂದಿಯಿಂದೆದ್ದ ಲೀನಿಯೇಜ್ ಓಎಸ್ ಇವತ್ತಿಗೂ ಸ್ವಯಂಸೇವಕರ ಕೈಯಲ್ಲಿ ಬದುಕಿದೆ.

ಇದರ ಉಪಯೋಗ ಬಡವನಿಗೇ ಹೆಚ್ಚು. 2025ರ ಜನವರಿಯಿಂದ ಆಂಡ್ರಾಯ್ಡ್ 4.4 ಇರುವ ಫೋನುಗಳಲ್ಲಿ ವಾಟ್ಸ್ಆ್ಯಪ್ ನಿಂತುಹೋಯಿತು. ಪರದೆ ಚೆನ್ನಾಗಿದೆ, ಬ್ಯಾಟರಿ ಪರವಾಗಿಲ್ಲ, ಆದರೂ ಸೆಟ್ ಗುಜರಿಗೆ. ಬದಲಿ ತಂತ್ರಾಂಶ ಸಿಗುವ ಮಾದರಿಯಾದರೆ ಅದೇ ಸೆಟ್ಟಿಗೆ ಇನ್ನೆರಡು ವರ್ಷ ಆಯುಸ್ಸು. ಹತ್ತಿ ಗಿರಣಿಗಳ ಊರಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಳೆ ಯಂತ್ರಕ್ಕೆ ಬಿಡಿಭಾಗ ಹೊಂದಿಸಿ ಓಡಿಸುವ ಮಿಸ್ತ್ರಿಯನ್ನು ಯಾರೂ ಕಳ್ಳ ಅನ್ನಲಿಲ್ಲ.

ಹಾಗಂತ ಎಲ್ಲರೂ ಮಾಡಿಸಬೇಕೆ?

ಇಲ್ಲಿಯೇ ಎಚ್ಚರ ಬೇಕು. ದೊರೆಯ ಕುರ್ಚಿ ಸಿಕ್ಕವನಿಗೆ ದೊರೆಯ ಅಪಾಯವೂ ಸಿಗುತ್ತದೆ. ರೂಟ್ ಆದ ಫೋನಿನಲ್ಲಿ ಒಂದು ಕೆಟ್ಟ ಆ್ಯಪ್‌ಗೆ ಅಪ್ಪಿತಪ್ಪಿ ‘ಹೂಂ’ ಅಂದರೆ ಅದು ಎಲ್ಲ ಬೀರುಗಳನ್ನೂ ಜಾಲಾಡಬಲ್ಲದು. 2016ರಲ್ಲಿ ಹಮ್ಮಿಂಗ್‌ಬ್ಯಾಡ್ ಎಂಬ ಪಿಡುಗು ಯಾರನ್ನೂ ಕೇಳದೆ ತಾನೇ ಫೋನುಗಳನ್ನು ರೂಟ್ ಮಾಡಿಕೊಂಡು ಜಗತ್ತಿನಲ್ಲಿ ಸುಮಾರು ಒಂದು ಕೋಟಿ ಸೆಟ್ಟುಗಳಲ್ಲಿ ಬೇರೂರಿತ್ತು. ಅದನ್ನು ಪತ್ತೆಮಾಡಿದ ಚೆಕ್ ಪಾಯಿಂಟ್ ಸಂಸ್ಥೆಯ ಲೆಕ್ಕದಲ್ಲಿ ಚೀನಾ ಬಿಟ್ಟರೆ ಹೆಚ್ಚು ಪೆಟ್ಟು ತಿಂದದ್ದು ಇಂಡಿಯಾ. ಕಳ್ಳನಿಗೂ ಬೇಕಾದದ್ದು ಅದೇ ಕುರ್ಚಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡನೆಯದು ದುಡ್ಡಿನ ವಿಚಾರ. ತರಕಾರಿ ಗಾಡಿಯವನೂ ಯುಪಿಐ ಫಲಕ ನೇತುಹಾಕಿರುವ ಕಾಲವಿದು. ಬ್ಯಾಂಕುಗಳ ಆ್ಯಪ್‌ಗಳು ಫೋನಿನ ಬೀಗ ಭದ್ರವಿದೆಯೇ ಎಂದು ಗೂಗಲ್‌ನ ‘ಪ್ಲೇ ಇಂಟೆಗ್ರಿಟಿ’ ಮೂಲಕ ವಿಚಾರಿಸಬಲ್ಲವು. ಹೆಬ್ಬಾಗಿಲು ತೆರೆದಿದೆ ಎಂದು ತಿಳಿದರೆ ‘ಈ ಫೋನಿನಲ್ಲಿ ನಡೆಯೋದಿಲ್ಲ’ ಎಂದು ಮುಖಕ್ಕೆ ಹೇಳುವ ಆ್ಯಪ್‌ಗಳು ಬೇಕಾದಷ್ಟಿವೆ. ಅದನ್ನು ಮರೆಮಾಚುವ ತಂತ್ರಗಳೂ ಇವೆ. ಇವತ್ತು ನಡೆದದ್ದು ನಾಳೆ ನಡೆಯೋದಿಲ್ಲ. ಬೆಳಗ್ಗೆ ಮಂಡಿಯಲ್ಲಿ ಲಾರಿ ಬಾಡಿಗೆ ಕೊಡಬೇಕಾದವನಿಗೆ ಈ ಕಣ್ಣಾಮುಚ್ಚಾಲೆ ಕಟ್ಟಿಕೊಂಡು ಆಗಬೇಕಾದ್ದೇನು?

ಮೂರನೆಯದು, ಹಿಂದಕ್ಕೆ ಬಾರದ ನಷ್ಟ. ಸ್ಯಾಮ್‌ಸಂಗ್ ಫೋನುಗಳಲ್ಲಿ ‘ನಾಕ್ಸ್’ ಎಂಬ ಒಂದು ಫ್ಯೂಸ್ ಇದೆ. ಬೇರೆ ತಂತ್ರಾಂಶ ಹಾಕಿದರೆ ಅದು ಸುಟ್ಟ ಹಾಗೆ. ಹಳೆಯದನ್ನೇ ಮರಳಿ ಕೂರಿಸಿದರೂ ಅದು ಕೂಡೋದಿಲ್ಲ. ಮಾದರಿ ತಪ್ಪಿ ಬೇರೆ ಸೆಟ್ಟಿನ ಕಡತ ಹೊಡೆದರೆ ಫೋನು ಡೆಡ್. ನೆಟ್‌ವರ್ಕಿನ ಗುರುತು ಇರುವ ಭಾಗ ಅಳಿಸಿದರೆ ಐಎಂಇಐ ಸಂಖ್ಯೆಯೇ ಮಾಯ, ಸಿಮ್ ಇದ್ದೂ ಇಲ್ಲದಂತೆ. ಆಗ ‘ಬೇರೆ ನಂಬರ್ ಹಾಕಿ ಕೊಡ್ತೀನಿ’ ಎನ್ನುವವನ ಅಂಗಡಿಯಿಂದ ಎದ್ದು ಬರುವುದೇ ಕ್ಷೇಮ. ಸ್ವಂತ ಫೋನನ್ನು ಸ್ವಂತ ಬಳಕೆಗೆ ರೂಟ್ ಮಾಡುವುದೇ ಒಂದು ಅಪರಾಧ ಎಂದು ಕಾನೂನಿನಲ್ಲಿಲ್ಲ. ಐಎಂಇಐ ತಿದ್ದುವುದು ಮಾತ್ರ ಖಂಡಿತ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಸೆರೆ, 50 ಲಕ್ಷ ರೂಪಾಯಿವರೆಗೆ ದಂಡ. ಸೆಟ್ ಕೊಡುವ ಮುನ್ನ *#06# ಒತ್ತಿ ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ, ಮರಳಿ ಪಡೆಯುವಾಗ ಹೋಲಿಸಿ ನೋಡಬಹುದು.

ನಿತ್ಯದ ಬಳಕೆಯವನ ಬಹುಪಾಲು ಆಸೆಗಳಿಗೆ ಬೀಗ ಒಡೆಯುವ ಅಗತ್ಯವೇ ಇಲ್ಲ. ಫೋನಿನ ಮುಖಚಹರೆ ಬದಲಾಗಬೇಕೆ? ಬೇರೆ ‘ಲಾಂಚರ್’ ಹಾಕಿದರೆ ಸಾಕು. ಕನ್ನಡ ಕೀಲಿಮಣೆ ಬೇಕೆ? ಬಿಟ್ಟಿ ಸಿಗುತ್ತದೆ. ಅಳಿಸಲಾಗದ ಆ್ಯಪ್ ಕಾಟವೇ? ಸೆಟ್ಟಿಂಗ್ಸ್‌ನಲ್ಲಿ ಹಲವನ್ನು ‘ನಿಷ್ಕ್ರಿಯ’ ಮಾಡಿ ಮೂಲೆಗೆ ಕೂರಿಸಬಹುದು. ಅದಕ್ಕೂ ಜಗ್ಗದವನ್ನು ಕಂಪ್ಯೂಟರಿಗೆ ತಂತಿ ಜೋಡಿಸಿ ‘ಎಡಿಬಿ’ ಎಂಬ ಸಲಕರಣೆಯಿಂದ ರೂಟ್ ಇಲ್ಲದೆಯೇ ತೆಗೆಯಲು ಬರುತ್ತದೆ. ಯಾವುದನ್ನು ತೆಗೆದರೆ ಏನು ನಿಲ್ಲುತ್ತದೆ ಎಂದು ತಿಳಿದಿರಬೇಕು, ಅಷ್ಟೆ. ಇನ್ನು ಮೂಲೆಗೆ ಬಿದ್ದ ಹಳೆ ಟ್ಯಾಬ್ಲೆಟ್ಟಿನ ಮಾತು ಬೇರೆ. ಬ್ಯಾಂಕಿನ ವ್ಯವಹಾರವಿಲ್ಲದ, ಕಳೆದುಕೊಳ್ಳಲು ಫೋಟೋ ಇಲ್ಲದ ಅಂಥ ಸೆಟ್ಟಿನ ಮೇಲೆ ಕಾಲೇಜು ಹುಡುಗರು ಕೈ ಪಳಗಿಸಿದರೆ ಯಾರಿಗೂ ನಷ್ಟವಿಲ್ಲ. ವಿದ್ಯೆಯಂತೂ ಹತ್ತುತ್ತದೆ.

ದಂಡ ಬಿತ್ತು, ಹಕ್ಕು ಬರಲಿಲ್ಲ

ಇಷ್ಟೆಲ್ಲ ಸಾಹಸ ಗಿರಾಕಿಯ ತಲೆಗೆ ಯಾಕೆ ಬರಬೇಕು ಎಂಬುದೇ ಮೂಲ ಪ್ರಶ್ನೆ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವ್ಯವಹಾರದಲ್ಲಿ ಮೇಲುಗೈ ದುರುಪಯೋಗ ಮಾಡಿದ್ದಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೊದಲೇ ತುಂಬಿ ಕೊಟ್ಟ ತನ್ನ ಆ್ಯಪ್‌ಗಳನ್ನು ಬಳಕೆದಾರ ಅಳಿಸಲು ಅಡ್ಡಿ ಮಾಡಬಾರದು ಎಂದೂ ಹೇಳಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಆದರೆ ಅಳಿಸುವ ಹಕ್ಕಿನದೂ ಸೇರಿ ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ದಂಡದ ದುಡ್ಡು ಖಜಾನೆಯ ಲೆಕ್ಕ. ಗಿರಾಕಿಯ ಪಾಲಿಗೆ ಬಂದದ್ದು ಮತ್ತದೇ ಬೇಡದ ನೆಂಟರು.

ಕಂಪನಿಗಳೋ ಬಾಗಿಲನ್ನು ಇನ್ನಷ್ಟು ಭದ್ರ ಮಾಡುತ್ತಿವೆ. ಬೂಟ್‌ಲೋಡರಿನ ಬೀಗದಕೈ ಕೊಡುವುದನ್ನು ಹುವಾವೆ 2018ರಲ್ಲೇ ನಿಲ್ಲಿಸಿತು. ಶಿಯೋಮಿ ಅರ್ಜಿ ಹಾಕಿಸಿ, ದಿನಗಟ್ಟಲೆ ಕಾಯಿಸುತ್ತದೆ. ‘ಭದ್ರತೆಗಾಗಿ’ ಎಂಬ ಸಬೂಬು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೂಗಲ್‌ನದೇ ಪಿಕ್ಸೆಲ್ ಫೋನುಗಳಲ್ಲಿ ಬೇರೆ ತಂತ್ರಾಂಶ ಹಾಕಿಕೊಂಡು, ಮತ್ತೆ ಬೀಗ ಹಾಕಿಕೊಳ್ಳಲು ಅವಕಾಶವಿದೆ. ದುಬಾರಿ ಫೋನಿನವನಿಗೆ ಆಗುವುದು ಹತ್ತು ಸಾವಿರದ ಫೋನಿನವನಿಗೆ ಯಾಕೆ ಆಗಬಾರದು?

ಸಂಬಂಧಪಟ್ಟವರು ಮಾಡಬೇಕಾದ್ದು ಕಷ್ಟದ್ದೇನಲ್ಲ. ಕಂಪನಿ ಎಷ್ಟು ವರ್ಷ ತಂತ್ರಾಂಶ ನವೀಕರಿಸುತ್ತದೆ ಎಂಬುದನ್ನು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ. ಆ ಅವಧಿ ಮುಗಿದ ದಿನ ಬೀಗದಕೈಯನ್ನು ಕೊಂಡವನ ಕೈಗೆ ಕೊಡಲಿ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಎಂದು ಒಂದು ತಾಣ ತೆರೆದಿದೆ. ಆ ಹಕ್ಕಿನಲ್ಲಿ ಪರದೆ, ಬ್ಯಾಟರಿ ಮಾತ್ರವಲ್ಲ, ತಂತ್ರಾಂಶವೂ ಸೇರಬೇಕು.

ಊರಿನ ಮಟ್ಟದಲ್ಲಿ ಆಗಬೇಕಾದ್ದೂ ಇದೆ. ಅಂಗಡಿಗಳಿಗೆ ಪರವಾನಗಿ ಕೊಡುವ ಮಹಾನಗರ ಪಾಲಿಕೆ ಒಂದು ಸಣ್ಣ ಕಟ್ಟಳೆ ಮಾಡಲಿ: ಸಾಫ್ಟ್‌ವೇರ್ ಹೊಡೆಯುವ ಮೊದಲು ಏನು ಅಳಿಸಿಹೋಗುತ್ತದೆ, ವಾರಂಟಿ ಏನಾಗುತ್ತದೆ, ಬ್ಯಾಂಕ್ ಆ್ಯಪ್ ನಡೆಯುತ್ತದೋ ಇಲ್ಲವೋ ಎಂದು ಕನ್ನಡದಲ್ಲಿ ಬರೆದ ಚೀಟಿಯನ್ನು ಗಿರಾಕಿಯ ಕೈಗೆ ಕೊಡಬೇಕು, ರಸೀದಿ ಕೊಡಬೇಕು. ರಸೀದಿ ಇದ್ದರೆ ತಾನೆ ಮೋಸ ಹೋದವನು ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನಿಂತು ಮಾತಾಡಬಲ್ಲ? ರಿಪೇರಿ ಹುಡುಗರ ಹೊಟ್ಟೆ ಮೇಲೆ ಹೊಡೆಯಬೇಕು ಎಂದು ಯಾರೂ ಹೇಳುತ್ತಿಲ್ಲ. ವಿಡಿಯೋ ನೋಡಿ ಕಲಿತ ಆ ಕೈಗಳಿಗೆ ಸರ್ಕಾರಿ ಐಟಿಐಗಳಲ್ಲಿ ಮೂರು ತಿಂಗಳ ಸಂಜೆ ತರಗತಿ ಇಟ್ಟರೆ, ಅರೆಬರೆ ವಿದ್ಯೆ ಪೂರಾ ಕಸುಬಾಗುತ್ತದೆ.

ಗಿರಾಕಿ ಮಹಾಶಯರೂ ಒಂದು ಮಾತು ಕಲಿಯಬೇಕು. ಸೆಟ್ ಕೈಬಿಡುವ ಮೊದಲು ಫೋಟೋ, ಫೋನ್ ನಂಬರುಗಳನ್ನು ಬೇರೆ ಕಡೆ ಉಳಿಸಿಕೊಂಡು, ‘ಕೆಟ್ಟರೆ ಹೊಣೆ ಯಾರದ್ದಪ್ಪ?’ ಎಂದು ಬಾಯಿಬಿಟ್ಟು ಕೇಳಬೇಕು. ಉತ್ತರ ಬಾರದಿದ್ದರೆ ಸೆಟ್ ಜೇಬಿಗೆ ಹಾಕಿಕೊಂಡು ಮುಂದಿನ ಅಂಗಡಿಗೆ ನಡೆಯಬೇಕು. ಬೀಗದಕೈ ಕೇಳುವ ಹಕ್ಕು ಕೊಂಡವನಿಗಿದೆ. ಅದನ್ನು ಯಾರ ಕೈಗೆ ಕೊಟ್ಟು ತೆಗೆಸುತ್ತೇನೆ ಎಂದು ನೋಡಿಕೊಳ್ಳುವ ಹೊಣೆಯೂ ಅವನದೇ.