ಜೇಬಿನೊಳಗಿನ ಹಾಡುಪೆಟ್ಟಿಗೆ

ನಮ್ಮ ಹಿಂದೂಪುರದ ಪೇಟೆಯಲ್ಲಾಗಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಮಳೆಗೆ ಬರವಿರಬಹುದು, ಹಾಡಿಗೆ ಬರವಿಲ್ಲ. ಆಟೋದಲ್ಲಿ ಹಾಡು, ಟ್ರ್ಯಾಕ್ಟರಿನಲ್ಲಿ ಹಾಡು, ಚಹದ ಅಂಗಡಿಯಲ್ಲಿ ಹಾಡು. ಮೊಬೈಲ್ ಅಂಗಡಿಯವನ ಕೈಗೆ ಮೆಮೊರಿ ಕಾರ್ಡು ಕೊಟ್ಟು ಒಂದಿಷ್ಟು ಹಣ ತೆತ್ತರೆ ಕಾರ್ಡಿನ ತುಂಬ ಹಾಡು ತುಂಬಿಸಿಕೊಡುತ್ತಿದ್ದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. ಈಗ ಫೋನಿನಲ್ಲಿಯೇ ಬೇಕಾದ ಹಾಡು ಬರುತ್ತದೆ. ಹೀಗಿರುವಾಗ ಹಾಡು ಕೇಳುವುದಕ್ಕೆಂದೇ ಪ್ರತ್ಯೇಕವಾದ ಪುಟ್ಟ ಯಂತ್ರವೊಂದು ಪ್ರೌಢಶಾಲೆಯ ವಿದ್ಯಾರ್ಥಿಗೆ ಬೇಕೆ? ಬೇಕು ಎಂಬುದು ನನ್ನ ಅಭಿಪ್ರಾಯ. ಯಾವುದು ಬೇಕು, ಯಾತಕ್ಕೆ ಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. 1979ರಲ್ಲಿ ಜಪಾನಿನ ಸೋನಿ ಕಂಪನಿಯು ವಾಕ್‌ಮನ್ ಎಂಬ ಕ್ಯಾಸೆಟ್ ಯಂತ್ರವನ್ನು ಹೊರತಂದಾಗ ಹಾಡು ಮನೆಯ ಗೋಡೆ ದಾಟಿ ಮನುಷ್ಯನ ಸೊಂಟಕ್ಕೆ ಬಂತು. 1998ರಲ್ಲಿ ಕೊರಿಯಾ ದೇಶದಿಂದ ಎಂ.ಪಿ. ಮ್ಯಾನ್ ಎಂಬ, ಟೇಪೂ ಇಲ್ಲದ ತಟ್ಟೆಯೂ ಇಲ್ಲದ ಯಂತ್ರ ಬಂತು. 2001ರಲ್ಲಿ ಅಮೆರಿಕದ ಆಪಲ್ ಕಂಪನಿಯ ಐಪಾಡ್ ಬಂದು ಲೋಕಪ್ರಸಿದ್ಧವಾಯಿತು. 2022ರಲ್ಲಿ ಆ ಕಂಪನಿಯೇ ಅದನ್ನು ನಿಲ್ಲಿಸಿತು. ಫೋನು ಅದನ್ನು ನುಂಗಿತೆಂದು ಹೇಳುತ್ತಾರೆ, ನಿಜವೇ. ಆದರೂ ಇತರ ಕಂಪನಿಗಳ ಚಿಕ್ಕ ಪ್ಲೇಯರುಗಳು ಇಂದಿಗೂ ದೊರೆಯುತ್ತವೆ.

ಇಷ್ಟು ಹಾಡು ಇಷ್ಟು ಚಿಕ್ಕ ಡಬ್ಬಿಯಲ್ಲಿ ಹೇಗೆ ಹಿಡಿಯುತ್ತದೆಂದು ಕೇಳುವ ಮಕ್ಕಳಿದ್ದಾರೆ. ಸಿ.ಡಿ.ಯಲ್ಲಿ ಧ್ವನಿಯನ್ನು ಒಂದು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಹಾಗೆ ಬರೆದರೆ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂ.ಬಿ. ಜಾಗ ಬೇಕು. ಎಂ.ಪಿ. ತ್ರೀ ಎಂಬ ಪದ್ಧತಿ ಮಾಡುವುದು ಕಣದಲ್ಲಿ ನಿಂತು ತೂರುವ ಕೆಲಸ. ದೊಡ್ಡ ಸದ್ದಿನ ಮರೆಯಲ್ಲಿ ಅಡಗಿ ನಮ್ಮ ಕಿವಿಗೆ ಕೇಳಿಸದೆ ಹೋಗುವ ಸಣ್ಣ ಸದ್ದುಗಳನ್ನು ಜೊಳ್ಳೆಂದು ಹಾರಿಸಿ, ಉಳಿದುದನ್ನು ಸುಮಾರು 1 ಎಂ.ಬಿ.ಯಲ್ಲಿ ಕಟ್ಟಿಡುತ್ತದೆ. ಇದು 128 ಎಂಬ ದರ್ಜೆಯ ಲೆಕ್ಕ. 320ರ ದರ್ಜೆಯಲ್ಲಿ ಎರಡೂವರೆ ಪಟ್ಟು ಜಾಗ ಬೇಕು, ಧ್ವನಿಯೂ ಅಷ್ಟು ಶುದ್ಧ. ಹಾರಿಹೋದ ಜೊಳ್ಳು ಮರಳಿ ಬಾರದು. 128ರ ಹಾಡನ್ನು 320ಕ್ಕೆ ಬದಲಾಯಿಸಿದರೆ ಜಾಗ ದಂಡ, ಲಾಭವಿಲ್ಲ.

ಇನ್ನು ಫೋನಿನ ಮಾತು. ಹಾಡು ಕೇಳಲೆಂದು ಕೈಗೆತ್ತಿಕೊಂಡ ಫೋನು ಹಾಡಿನಲ್ಲಿಯೇ ನಿಲ್ಲುವುದಿಲ್ಲ. ನಡುವೆ ಜಾಹೀರಾತು, ಅದರ ಹಿಂದೆ ಒಂದು ವಿಡಿಯೋ, ಅದರ ಹಿಂದೆ ಇನ್ನೊಂದು. ಏಳು ಗಂಟೆಗೆ ಕುಳಿತವನು ಒಂಬತ್ತಕ್ಕೆ ಎದ್ದಾಗ ಹಾಡೂ ಕೇಳಿರುವುದಿಲ್ಲ, ಪಾಠವೂ ಓದಿರುವುದಿಲ್ಲ. ಪ್ಲೇಯರಿನ ಗುಣವಿರುವುದು ಅದಕ್ಕೆ ಬೇರೇನೂ ಬಾರದು ಎಂಬುದರಲ್ಲಿಯೇ. ಅದರಲ್ಲಿ ನಾವು ಹಾಕಿದ್ದಷ್ಟೇ ಇರುತ್ತದೆ.

ಕೊಳ್ಳುವಾಗ ಹೊಳಪು ನೋಡಬೇಡಿ. ಕಣ್ಣಿಲ್ಲದೆ ಬೆರಳೇ ಗುರುತಿಸಬಲ್ಲ ಗುಂಡಿಗಳಿರಲಿ. ಇಯರ್‌ಫೋನಿನ ರಂಧ್ರ ಎಲ್ಲ ಕಡೆ ಸಿಗುವ ಸಾಮಾನ್ಯ ಅಳತೆಯದಾಗಿರಲಿ, ತಂತಿ ಕಡಿದುಹೋದರೆ ನಮ್ಮ ಪೇಟೆಯಲ್ಲೇ ಇನ್ನೊಂದು ಸಿಗಬೇಕು. ಕಾರ್ಡು ಹಾಕುವ ಸ್ಥಳವಿರಲಿ. ಅಗ್ಗದ ಕಾರ್ಡುಗಳಲ್ಲಿ ಮೇಲೆ 32 ಜಿ.ಬಿ. ಎಂದು ಅಚ್ಚಾಗಿದ್ದು ಒಳಗೆ ಅದರ ಕಾಲುಭಾಗವೂ ಇರದ ಮೋಸವುಂಟು. ಪೂರ್ತಿ ತುಂಬಿಸಿ, ಕೊನೆಯ ಹಾಡೂ ನುಡಿಯುತ್ತದೆಯೇ ಎಂದು ನೋಡಿಯೇ ನಂಬಬೇಕು. ರೇಡಿಯೋ ಇದೆಯೆಂದು ಹಿಗ್ಗುವವರಿಗೆ ಒಂದು ಮಾತು. ನಮ್ಮ ಹಿರಿಯರು ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸಿನ ಮಧ್ಯಮ ತರಂಗದಲ್ಲಿ ಕೇಳಿದವರು. ಈ ಪ್ಲೇಯರುಗಳು ಸಾಮಾನ್ಯವಾಗಿ ಎಫ್.ಎಂ. ಮಾತ್ರ ಹಿಡಿಯುತ್ತವೆ, ಅದೂ ಇಯರ್‌ಫೋನಿನ ತಂತಿಯನ್ನೇ ಏರಿಯಲ್ ಮಾಡಿಕೊಂಡು.

ಎಲ್ಲಕ್ಕಿಂತ ಮುಖ್ಯವಾಗಿ ನಮ್ಮಂಥ ಕನ್ನಡ ಶಾಲೆಯವರು ಕೇಳಬೇಕಾದ ಪ್ರಶ್ನೆಗಳು ಎರಡು. ಈ ಯಂತ್ರ ಕನ್ನಡ ಅಕ್ಷರ ತೋರಿಸುತ್ತದೆಯೆ? ಮತ್ತು ಈ ಯಂತ್ರ ಕೇಳಿಸುವುದಲ್ಲದೆ ಕೇಳಿಸಿಕೊಳ್ಳುತ್ತದೆಯೆ?

ಮೊದಲನೆಯದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಂದು ಹಾಡಿಗೆ ಕನ್ನಡದಲ್ಲಿ ಹೆಸರು ಕೊಟ್ಟು ಕಾರ್ಡಿಗೆ ಹಾಕಿಕೊಂಡು ಹೋಗಿ. ಅನೇಕ ಯಂತ್ರಗಳಲ್ಲಿ ಹೆಸರಿನ ಬದಲು ಖಾಲಿ ಚೌಕಗಳ ಸಾಲು ಕಾಣುತ್ತದೆ. ಕೆಲವದರಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದಿರುತ್ತದೆ. ಅಂಗಡಿಯವನು, “ಇಂಗ್ಲಿಷಿನಲ್ಲಿ ಬರೆದುಕೊಳ್ಳಿ ಸಾರ್, ಏನಾಯಿತೀಗ?” ಎನ್ನುತ್ತಾನೆ. ಏನೂ ಆಗುವುದಿಲ್ಲ, ಆದರೆ ಬೇರೆ ಯಂತ್ರ ತೋರಿಸು ಎಂದು ಕೇಳುವ ಗಿರಾಕಿಗಳು ಹೆಚ್ಚಾದ ಹೊರತು ಕನ್ನಡ ತೋರಿಸುವ ಯಂತ್ರ ಅಂಗಡಿಗೆ ಬರುವುದಿಲ್ಲ.

ಎರಡನೆಯದು, ಧ್ವನಿಮುದ್ರಣ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಮೊನ್ನೆ 2022ರಲ್ಲಿ ಜಿಲ್ಲೆಯೂ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿ ಉಳಿಯಿತು. ಗಡಿಗಳು ಇಷ್ಟು ಸರಿದರೂ ಒಂದು ಕಡೆ ಗೌರಿಬಿದನೂರು, ಇನ್ನೊಂದು ಕಡೆ ಪಾವಗಡ, ಚಳ್ಳಕೆರೆ ಸೀಮೆಗಳಿಗೆ ಅಂಟಿಕೊಂಡ ಹಳ್ಳಿಗಳಲ್ಲಿ ಅಜ್ಜಿಯರು ಹಾಡಿದ್ದನ್ನೇ ಹಾಡುತ್ತ ಬಂದರು. ಬೀಸುವ ಪದ, ಸೋಬಾನೆ, ಜೋಗುಳ, ಕೋಲಾಟದ ಪದ. ಕೆಲವು ಪದಗಳಲ್ಲಿ ಒಂದು ನುಡಿ ಕನ್ನಡ, ಮತ್ತೊಂದು ತೆಲುಗು. ಹಾಡುವವರಿಗೆ ಅದರ ಪರಿವೆಯೇ ಇಲ್ಲ. ಅವರ ತಪ್ಪೇನೂ ಅಲ್ಲ. ಕೈವಾರದ ತಾತಯ್ಯನವರೇ ಎರಡು ಭಾಷೆಗಳಲ್ಲೂ ಪದ ಕಟ್ಟಿದವರು. ಸಿನಿಮಾ ಹಾಡಿನ ಮಾತಿಗೆ ಬಂದರೂ ಅಷ್ಟೆ. ಡಾ. ರಾಜ್‌ಕುಮಾರರ ಚಿತ್ರಗಳಲ್ಲಿ ಹಾಡಿದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ, ಎಸ್. ಜಾನಕಿ ಗುಂಟೂರು ಜಿಲ್ಲೆಯಲ್ಲಿ. ಆದ್ದರಿಂದ ಆಟೋದವನ ತೆಲುಗು ಹಾಡಿನ ಮೇಲೆ ನನಗೆ ದೂರಿಲ್ಲ. ಪಿ.ಬಿ. ಶ್ರೀನಿವಾಸರ ಹಾಡು ಇವತ್ತು ಕಳೆದರೆ ನಾಳೆ ಎಲ್ಲಿಯಾದರೂ ಸಿಗುತ್ತದೆ. ಕಲ್ಯಾಣದುರ್ಗದ ಕಡೆಯ ಅಜ್ಜಿಯೊಬ್ಬರ ಬೀಸುವ ಪದ ಯಾವ ಅಂಗಡಿಯ ಕಾರ್ಡಿನಲ್ಲಿಯೂ ಇಲ್ಲ, ಯಾವ ಫೋನು ಹುಡುಕಿದರೂ ಬರುವುದಿಲ್ಲ. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಯಿತು. ಅಜ್ಜಿಗೆ ಎಂಬತ್ತು ದಾಟಿದೆ. ಮೊಮ್ಮಗನ ಜೇಬಿನಲ್ಲಿ ಸಾವಿರ ಹಾಡಿವೆ, ಆ ಒಂದು ಇಲ್ಲ.

ಅದಕ್ಕಾಗಿಯೇ ಮೈಕು ಇರುವ ಪ್ಲೇಯರನ್ನು ಕೊಳ್ಳಿ ಎನ್ನುತ್ತೇನೆ. ಮುದ್ರಿಸುವ ಕ್ರಮ ಕಷ್ಟವಲ್ಲ. ಫ್ಯಾನು, ಟಿ.ವಿ. ಆರಿಸಿ. ಯಂತ್ರವನ್ನು ಹಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿ, ಮಡಿಸಿದ ಟವೆಲ್ಲಿನ ಮೇಲೆ ಇಡಿ. ಕೈಯಲ್ಲಿ ಹಿಡಿದರೆ ಬೆರಳು ಉಜ್ಜಿದ ಸದ್ದೂ ಸೇರುತ್ತದೆ. ‘ವೇವ್’ ಎಂಬ ಆಯ್ಕೆಯಿದ್ದರೆ ಅದರಲ್ಲೇ ಮುದ್ರಿಸಿ, ಇದು ತೂರದ ರಾಶಿ, ಜಾಗ ಹೆಚ್ಚು ತಿಂದರೂ ಚಿಂತೆಯಿಲ್ಲ. ಮುದ್ರಿಸುವ ಮುಂಚೆ ಅವರ ಒಪ್ಪಿಗೆ ಕೇಳಿ. ಹೆಸರು, ಊರು, ತಾರೀಕು, ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿ ಮುಗಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ; ಅಲ್ಲಿಯವರಿಗೆ ಹಾಡು ಯಾರದೆಂದು ತಿಳಿಯಬೇಕಲ್ಲ! ನೂರಿಪ್ಪತ್ತು ವರ್ಷವಾದರೂ ಆಕೆಯ ಹೆಸರು ಹಾಡಿನಿಂದ ಬೇರೆಯಾಗಿಲ್ಲ.

ಕಿವಿಯ ಬಗ್ಗೆಯೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಧ್ವನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. ಧ್ವನಿ ಏರಿದಷ್ಟೂ ಈ ಗಂಟೆಗಳು ಬೇಗ ಬೇಗ ಕರಗುತ್ತವೆ. ಬಸ್ಸಿನ ಗದ್ದಲವನ್ನು ಮುಚ್ಚಲು ಧ್ವನಿ ಏರಿಸುವುದೇ ಅಪಾಯದ ಆರಂಭ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಸೈಕಲ್ ಮೇಲೆ ಹೋಗುವಾಗ ಇಯರ್‌ಫೋನು ಬೇಡವೇ ಬೇಡ. ಬೇಸಿಗೆಯಲ್ಲಿ ಯಂತ್ರವನ್ನು ಬಿಸಿಲಲ್ಲಿ ಬಿಡಬೇಡಿ. ನಮ್ಮ ಸೀಮೆಯ 40 ಡಿಗ್ರಿಯ ಬಿಸಿಲಿಗೆ ಬ್ಯಾಟರಿ ಬೇಗ ಸೊರಗುತ್ತದೆ.

ಶಾಲೆಗೆ ಇಂಥ ಯಂತ್ರ ತರುವುದು ಶಿಸ್ತಿಗೆ ಭಂಗ ಎನ್ನುವ ಹಿರಿಯ ಸಹೋದ್ಯೋಗಿಗಳಿದ್ದಾರೆ. ಅವರ ಮಾತನ್ನು ಒಪ್ಪುತ್ತೇನೆ. ಚೀಲದಲ್ಲಿ ತರುವುದು ಬೇಡ. ಎಲ್ಲರ ಮನೆಯಲ್ಲೂ ಕೊಳ್ಳುವ ಶಕ್ತಿಯೂ ಇಲ್ಲ. ಆದ್ದರಿಂದ ಶಾಲೆಯೇ ಧ್ವನಿಮುದ್ರಣದ ಒಂದು ಪ್ಲೇಯರನ್ನು ಕೊಂಡು ಗ್ರಂಥಾಲಯದ ಬೀರುವಿನಲ್ಲಿಡಲಿ. ಪುಸ್ತಕ ಕೊಡುವಂತೆ ಶನಿವಾರ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಕೊಡಲಿ, ಸೋಮವಾರ ಹಿಂದಕ್ಕೆ ಪಡೆಯಲಿ. ಮುದ್ರಿಸಿ ತಂದುದನ್ನು ಎರಡು ಪ್ರತಿ ಮಾಡಿ ಒಂದನ್ನು ಶಾಲೆಯ ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಬೇರೆ ಕಾರ್ಡಿನಲ್ಲಿ ಇಡಬೇಕು. ಕಡತದ ಹೆಸರು ಕನ್ನಡದಲ್ಲಿಯೇ ಇರಲಿ; ಮುಂದೆ 01, 02 ಎಂದು ಸಂಖ್ಯೆ ಬರೆದು ಅದೇ ಕ್ರಮದಲ್ಲಿ ಕಾರ್ಡಿಗೆ ಹಾಕಬೇಕು, ಅಗ್ಗದ ಯಂತ್ರಗಳು ಹೆಸರನ್ನು ನೋಡದೆ ಹಾಕಿದ ಸರದಿಯಲ್ಲೇ ನುಡಿಸುತ್ತವೆ. ಸಂಕ್ರಾಂತಿಯ ರಜೆಗೆ ಹಳ್ಳಿಗೆ ಹೋಗುವ ಮಕ್ಕಳಿಗೆ ಮೊದಲ ಸರದಿ ಕೊಡಬಹುದು, ಆಗ ಮನೆಮಂದಿಯೆಲ್ಲ ಒಟ್ಟಿಗಿರುತ್ತಾರೆ, ಅಜ್ಜಿಯನ್ನು ಹಾಡಿಸಲು ನಾಲ್ಕು ಜನ ಒತ್ತಾಯ ಮಾಡುವವರೂ ಇರುತ್ತಾರೆ.