ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದರೆ ಖರ್ಚು ಅರ್ಧವಾಗುತ್ತದೆಯೇ?

"ಪೆಟ್ರೋಲ್ ದುಬಾರಿ, ಡೀಸೆಲ್ ಅಗ್ಗ. ಎಂಜಿನ್ ಬದಲಿಸಿದರೆ ಖರ್ಚು ಅರ್ಧ." ಕಳೆ ತೆಗೆಯುವ ಪವರ್ ವೀಡರ್, ಹುಲ್ಲು ಕತ್ತರಿಸುವ ಯಂತ್ರಗಳ ಬಗ್ಗೆ ಇಂಥ ಮಾತು ಕೇಳಿಬರುತ್ತದೆ. ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಪೂರ್ತಿ ಲೆಕ್ಕವಿಲ್ಲ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಂಥ ಊರುಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಧರಣಿ ಕುಳಿತ ಭಾಗವಿದು. ಮಳೆ ನಂಬಿದ ಹೊಲದಲ್ಲಿ ಹತ್ತಿ, ತೊಗರಿ ಸಾಲುಗಳ ನಡುವೆ ಎಡೆ ಹೊಡೆಯಲು ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲೇ ಯಂತ್ರ ಕೆಟ್ಟು ನಿಂತರೆ, ಉಳಿಸಿದ ಎಣ್ಣೆ ದುಡ್ಡಿನಿಂದ ಬೆಳೆ ಉಳಿಯುವುದಿಲ್ಲ.

ಡೀಸೆಲ್ ಎಂಜಿನ್ ಕಡಿಮೆ ಎಣ್ಣೆ ಕುಡಿಯುವುದು ನಿಜವೇ?

ನಿಜ. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಬೇಕಿಲ್ಲ. ಗಾಳಿಯನ್ನು ಸುಮಾರು 16ರಿಂದ 22 ಪಟ್ಟು ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಈ ಒತ್ತುವಿಕೆ ಸಾಮಾನ್ಯವಾಗಿ 8ರಿಂದ 10 ಪಟ್ಟು. ಹೆಚ್ಚು ಒತ್ತಿದಷ್ಟೂ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತದೆ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು ಶಕ್ತಿಯಿದೆ.

ಎಂಜಿನ್ ಬದಲಿಸದೆ, ಪೆಟ್ರೋಲ್ ಟ್ಯಾಂಕಿಗೆ ಡೀಸೆಲ್ ಸುರಿದರೆ ಮಾತ್ರ ಯಾವ ಲಾಭವೂ ಇಲ್ಲ. ಅಷ್ಟು ಒತ್ತಡ ಅಲ್ಲಿ ಹುಟ್ಟುವುದೇ ಇಲ್ಲ. ಯಂತ್ರ ಹೊಗೆ ಕಾರಿ ನಿಂತುಹೋಗುತ್ತದೆ.

ಹಾಗಾದರೆ ಬದಲಿಸಲು ಅಡ್ಡಿ ಏನು?

ಮೊದಲನೆಯದು ತೂಕ. ಅಷ್ಟು ಒತ್ತಡ ತಡೆಯಲು ಡೀಸೆಲ್ ಎಂಜಿನ್ ಗಟ್ಟಿಯಾಗಿರಬೇಕು. ವೀಡರ್‌ನಲ್ಲಿರುವ 5–6 ಎಚ್‌ಪಿ ಪೆಟ್ರೋಲ್ ಎಂಜಿನ್ ಸುಮಾರು 15ರಿಂದ 18 ಕೆ.ಜಿ. ತೂಗುತ್ತದೆ. ಅದೇ ಶಕ್ತಿಯ ಗಾಳಿಯಿಂದ ತಣಿಯುವ ಡೀಸೆಲ್ ಎಂಜಿನ್ 30 ಕೆ.ಜಿ.ಗೂ ಹೆಚ್ಚು. ತೂಕ ಮುಂದಕ್ಕೆ ಬಿದ್ದರೆ ಎರಿ ಮಣ್ಣಿನಲ್ಲಿ ಯಂತ್ರ ಹೂತುಕೊಳ್ಳುತ್ತದೆ, ತಿರುಗಿಸುವಾಗ ವಾಲುತ್ತದೆ. ತಿರುಗುವ ಬ್ಲೇಡ್ ಇರುವುದು ಕಾಲಿನ ಹತ್ತಿರವೇ ಎಂಬುದನ್ನು ಮರೆಯಬಾರದು.

ಎರಡನೆಯದು ಅದುರುವಿಕೆ. ಹಗುರ ಎಂಜಿನ್‌ಗೆಂದು ಮಾಡಿದ ಚಾಸಿಯ ಬೋಲ್ಟು, ವೆಲ್ಡಿಂಗ್ ಸಡಿಲಾಗುತ್ತವೆ.

ಮೂರನೆಯದು ಜೋಡಣೆ. ಶಾಫ್ಟಿನ ಅಳತೆ, ತಿರುಗುವ ದಿಕ್ಕು, ವೇಗ ಎಲ್ಲವೂ ಹೊಂದಬೇಕು. ಮೈದಾನಗಳಲ್ಲಿ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಹಲವದರ ಎಂಜಿನ್ ಶಾಫ್ಟ್ ಕೆಳಮುಖವಾಗಿರುತ್ತದೆ. ಸಣ್ಣ ಡೀಸೆಲ್ ಎಂಜಿನ್‌ಗಳ ಶಾಫ್ಟ್ ಸಾಮಾನ್ಯವಾಗಿ ಪಕ್ಕಕ್ಕಿರುತ್ತದೆ. ಅಲ್ಲಿ ಬರೀ ಬೋಲ್ಟು ಬಿಗಿದರೆ ಕೆಲಸ ಮುಗಿಯದು.

ದುಡ್ಡಿನ ಲೆಕ್ಕ ಹೇಗೆ?

ಒಂದು ಉದಾಹರಣೆ ನೋಡೋಣ. ಯಂತ್ರ ಗಂಟೆಗೆ 1 ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಅದೇ ಕೆಲಸಕ್ಕೆ 0.7 ಲೀಟರ್ ಡೀಸೆಲ್ ಸಾಕು ಎಂದುಕೊಳ್ಳಿ. ಲೀಟರ್‌ಗೆ ಪೆಟ್ರೋಲ್ ₹100, ಡೀಸೆಲ್ ₹90 ಇರಲಿ. ಗಂಟೆಗೆ ₹100ರ ಬದಲು ₹63 ಖರ್ಚಾಗುತ್ತದೆ. ಉಳಿಯುವುದು ₹37. ಇದು ಅರ್ಧವಲ್ಲ, ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು.

ಎಂಜಿನ್, ಜೋಡಣೆ ಸೇರಿ ₹30,000 ಖರ್ಚು ಎಂದಿಟ್ಟುಕೊಳ್ಳಿ. ವೀಡರ್ ವರ್ಷಕ್ಕೆ 60 ಗಂಟೆ ಓಡಿದರೆ ಉಳಿತಾಯ ₹2,220. ಹಾಕಿದ ದುಡ್ಡು ವಾಪಸ್ ಬರಲು 13 ವರ್ಷಕ್ಕೂ ಹೆಚ್ಚು ಬೇಕು. ಅದೇ ಎಂಜಿನ್ ನೀರೆತ್ತುವ ಪಂಪಿಗೆ ವರ್ಷಕ್ಕೆ 800 ಗಂಟೆ ದುಡಿದರೆ ಉಳಿತಾಯ ₹29,600. ಸುಮಾರು ಒಂದೇ ವರ್ಷದಲ್ಲಿ ದುಡ್ಡು ವಾಪಸ್. ಹೀಗೆ, ಲಾಭ ನಿಂತಿರುವುದು ಎಷ್ಟು ಗಂಟೆ ಓಡಿಸುತ್ತೀರಿ ಎಂಬುದರ ಮೇಲೆ. ನಿಮ್ಮೂರಿನ ದರ, ನಿಮ್ಮ ಗಂಟೆ ಹಾಕಿ ನೀವೇ ಲೆಕ್ಕ ಮಾಡಿ.

ಈ ನಂಬಿಕೆ ಎಲ್ಲಿಂದ ಬಂತು?

ಒಂದು ಕಾಲದಲ್ಲಿ ಇದಕ್ಕೆ ಬಲವಾದ ಆಧಾರವಿತ್ತು. 2012ರಲ್ಲಿ ಎರಡರ ದರದ ನಡುವೆ ಲೀಟರ್‌ಗೆ ₹20ಕ್ಕೂ ಹೆಚ್ಚು ಅಂತರವಿತ್ತು. ಡೀಸೆಲ್ ದರವನ್ನು ಸರ್ಕಾರ ಹಿಡಿದಿಟ್ಟಿತ್ತು. 2014ರ ಅಕ್ಟೋಬರ್‌ನಲ್ಲಿ ಆ ನಿಯಂತ್ರಣ ಹೋಯಿತು, ಅಂತರವೂ ಕಿರಿದಾಯಿತು. ಆದರೆ ಹಳೆಯ ಲೆಕ್ಕ ಜನರ ಬಾಯಲ್ಲಿ ಉಳಿದುಕೊಂಡಿದೆ.

ಆರೋಗ್ಯದ ಮಾತೇನು?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಹೊಗೆಯನ್ನು 2012ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಪೆಟ್ರೋಲ್ ಹೊಗೆಯೂ ಒಳ್ಳೆಯದೇನಲ್ಲ. ವೀಡರ್ ಹಿಂದೆ ನಡೆಯುವವರ ಮುಖಕ್ಕೆ ಹೊಗೆ ಬಡಿಯುವಂತೆ ಸೈಲೆನ್ಸರ್ ಕೂರಿಸಬಾರದು.

ಏನು ಮಾಡಬಹುದು?

ಹೆಚ್ಚು ಗಂಟೆ ಕೆಲಸವಿದ್ದರೆ ಕಂಪನಿಯೇ ಡೀಸೆಲ್‌ಗೆಂದು ತಯಾರಿಸಿದ ವೀಡರ್ ಅಥವಾ ಪವರ್ ಟಿಲ್ಲರ್ ನೋಡಿ. ಅದರ ಚಾಸಿ, ಗೇರ್‌ಬಾಕ್ಸ್ ಆ ಭಾರಕ್ಕೆಂದೇ ಇರುತ್ತವೆ. ಕಡಿಮೆ ಕೆಲಸವಿದ್ದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ವಿಚಾರಿಸಿ. ಇರುವ ಪೆಟ್ರೋಲ್ ಯಂತ್ರದ ಏರ್ ಫಿಲ್ಟರ್ ಶುಚಿ ಮಾಡಿ, ಪ್ಲಗ್ ನೋಡಿ, ಬ್ಲೇಡ್ ಹರಿತವಾಗಿಡಿ. ಅದಕ್ಕೆ ದೊಡ್ಡ ಖರ್ಚಿಲ್ಲ.

ತೀರ್ಮಾನ: ಡೀಸೆಲ್ ಎಂಜಿನ್ ಕಡಿಮೆ ಇಂಧನ ಬಳಸುತ್ತದೆ ಎಂಬುದು ನಿಜ. ಯಾವ ಯಂತ್ರಕ್ಕೆ ಕೂರಿಸಿದರೂ ಖರ್ಚು ಅರ್ಧವಾಗುತ್ತದೆ ಎಂಬುದು ತಪ್ಪು. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿ: "ವರ್ಷಕ್ಕೆ ಎಷ್ಟು ಗಂಟೆ ಓಡಿಸುವವರಿಗೆ ಈ ಲೆಕ್ಕ?"